ಕಂಪನಿಯ ಮೈಲಿಗೆ

ಕಾಸೆಲ್ ಊರಿನ ಅಂಚೆಯಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದ ಎಕಾರ್ಟ್‌ಗೆ ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ. ಒಂದು ಕಂಪ್ಯೂಟರ್ ಪ್ರೋಗ್ರಾಮ್ ಇತ್ತು. ಫೋಟೊಗಳನ್ನು ಜೋಡಿಸಿಡುವ ಅದನ್ನು ರಜೆಗಳನ್ನೆಲ್ಲ ಸುರಿದು ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಧರ್ಮಕ್ಕೆ ಬಿಟ್ಟಿದ್ದ. ಕಂಪನಿಗಳ ಹಂಗಿಲ್ಲದ ಸಾಫ್ಟ್‌ವೇರೇ ಬೇಕೆನ್ನುವ ಊರಿನ ಲಿನಕ್ಸ್ ಬಳಗ ಪ್ರತಿ ಶರತ್ಕಾಲದಲ್ಲಿ ಶಾಲೆಗಳಿಗೆ ಹಂಚುವ ಡಿಸ್ಕಿನಲ್ಲಿ ಅದಕ್ಕೊಂದು ಜಾಗವಿತ್ತು. ಪರದೆಯ ಮೂಲೆಯಲ್ಲಿ ಅವನ ಹೆಸರಿತ್ತು. ಅವನ ಬದುಕಿನ ಗಳಿಕೆ ಅಷ್ಟೇ.

ಒಂದು ವರ್ಷ ಬಳಗಕ್ಕೆ ಮಡಿಯ ಹುಚ್ಚು ಹಿಡಿಯಿತು. ಎಕಾರ್ಟ್ ತನ್ನ ಪ್ರೋಗ್ರಾಮಿಗೆ ಅಡಿಪಾಯವಾಗಿ ಬಳಸಿದ್ದ ಫ್ರೇಮ್‌ವರ್ಕ್ ಒಂದು ದೊಡ್ಡ ಕಂಪನಿಯ ವಿನ್ಯಾಸ ನೋಡಿ ಯಾರೋ ಕಟ್ಟಿದ್ದು. ನಾಳೆ ಆ ಕಂಪನಿ ಪೇಟೆಂಟ್ ಹಿಡಿದು ಕೋರ್ಟಿಗೆ ಎಳೆದರೆ? ಪಬ್ಬಿನ ಹಿಂದಿನ ಕೋಣೆಯ ಸಭೆಯಲ್ಲಿ ಈ ಪ್ರಶ್ನೆ ಎತ್ತಿದವನು ಗೆರ್ನೋಟ್. ಬಳಗದ ಹಿರಿಯ, ಎಕಾರ್ಟನ ಹಳೆಯ ಗೆಳೆಯ.

“ಕೇಸ್ ಹಾಕಲ್ಲ ಅಂತ ಕಂಪನಿಯೋರೇ ಮಾತು ಕೊಟ್ಟಿದಾರಲ್ಲಪ್ಪ,” ಎಂದ ಎಕಾರ್ಟ್.

“ನರಿ ಕೋಳಿಗೆ ಮಾತು ಕೊಡ್ತಂತೆ! ನೀನೊಳ್ಳೇ ಕೋಳಿ ಕಣೋ,” ಎಂದ ಗೆರ್ನೋಟ್. ಎಲ್ಲರೂ ಬಿಯರ್ ಚೆಲ್ಲುವಷ್ಟು ನಕ್ಕರು. “ನಿನ್ನ ಪ್ರೋಗ್ರಾಮನ್ನ ಪೂರ್ತಿ ಕಿತ್ತು ಬಿಸಾಕಿ ಹೊಸದಾಗಿ ಬರೆಯೋಣ. ಬರೆಯೋದು ನನಗಿರಲಿ, ಹೇಳ್ಕೊಡೋದು ನೀನು. ಅಲ್ಲೀವರೆಗೂ ಹಳೇದು ಡಿಸ್ಕಲ್ಲಿ ಬೇಡ.”

ಅನುಮಾನವೇನೂ ತಪ್ಪಲ್ಲ, ಕಂಪನಿಗಳನ್ನು ನಂಬಿ ಕೆಟ್ಟವರು ಆ ಕೋಣೆಯಲ್ಲೇ ಇದ್ದರು. ಆದರೆ ಮಡಿಯುಟ್ಟವನ ಮನಸ್ಸೂ ಮಡಿಯೆಂದು ಯಾರು ಹೇಳಿದರು? ಚಳಿಗಾಲವಿಡೀ ಎಕಾರ್ಟ್ ಗೆರ್ನೋಟನ ಮನೆಗೆ ಹೋಗಿ, ಆಲೂಗಡ್ಡೆ ಸೂಪ್ ಕುಡಿಯುತ್ತ, ಯಾವ ಬಟನ್ ಏಕೆ ಅಲ್ಲಿದೆ, ಯಾವ ದೋಷಕ್ಕೆ ಯಾವ ಮದ್ದು ಎಂದು ಎಲ್ಲವನ್ನೂ ಬಿಚ್ಚಿಟ್ಟ. ಇಬ್ಬರೂ ಸೇರಿ ಬರೆಯುತ್ತಿದ್ದೇವೆ ಎಂದೇ ಆ ಬೆಪ್ಪ ನಂಬಿದ್ದ.

ಶರತ್ಕಾಲದ ಸಭೆಯಲ್ಲಿ ಹೊಸ ಪ್ರೋಗ್ರಾಮ್ ತೆರೆದು ತೋರಿಸಿದರು. ಬಟನ್‌ಗಳೆಲ್ಲ ಇದ್ದಲ್ಲೇ ಇದ್ದವು. ಮೂಲೆಯಲ್ಲಿ ಗೆರ್ನೋಟನ ಹೆಸರೊಂದೇ ಇತ್ತು.

“ನನ್ನ ಹೆಸರು?” ಎಂದ ಎಕಾರ್ಟ್.

“ಇದರಲ್ಲಿ ನೀನು ಬರೆದಿದ್ದು ಒಂದು ಸಾಲಾದ್ರೂ ಇದೆಯೇನೋ? ಇಲ್ಲ. ಅದಕ್ಕೇ ಇದು ಶುದ್ಧ. ನಿನ್ನ ಹೆಸರು ಹಾಕಿದ್ರೆ ಅದೇ ಹಳೇ ಮಾಲು ಅಂದ್ಕೊಳ್ತಾರೆ ಜನ. ಯಾರು ಬೇಕಾದ್ರೂ ತಗೊಳ್ಳಲಿ ಅಂದೋನು ನೀನೇ ತಾನೇ?”

ಎಕಾರ್ಟ್ ಸುತ್ತ ನೋಡಿದ. ಅವನ ಕೈಯಿಂದ ಬಿಟ್ಟಿಯಾಗಿ ಕಂಪ್ಯೂಟರ್ ರಿಪೇರಿ ಮಾಡಿಸಿಕೊಂಡವರೆಲ್ಲ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರು. ಆ ಸೀಮೆಯ ಜನ ಇಂಥ ಸಭೆಗಳಲ್ಲಿ ಮೆಚ್ಚಿದರೆ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಒಬ್ಬ ಕುಟ್ಟಿದ, ಇನ್ನೊಬ್ಬ ಕುಟ್ಟಿದ, ಕೋಣೆಯೇ ದಡದಡ ಎಂದಿತು. ಗೆರ್ನೋಟ್ ಅವನನ್ನೇ ನೋಡುತ್ತ ನಿಂತಿದ್ದ. ಈ ಮೇಜು ಬಿಟ್ಟರೆ ಎಕಾರ್ಟ್‌ಗೆ ಊರಿನಲ್ಲಿ ಕೂರಲು ಬೇರೆ ಮೇಜಿರಲಿಲ್ಲ. ಅವನೂ ಕುಟ್ಟಿದ.