ನೆರಳಲ್ಲಿ ಒಣಗಿದ ಬಳ್ಳಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೋಸಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷದಿಂದ ಬಳ್ಳಿ ಕತ್ತರಿಸುವುದು, ಒಣಗಿಸುವುದು, ಕುಟ್ಟುವುದು, ಆಲ್ಕೋಹಾಲಿನಲ್ಲಿ ನೆನೆಹಾಕಿ ಸೋಸುವುದು, ಎಲ್ಲ ಅವಳ ಪಾಲು. ಹೆಸರು ಮಾಡುವುದೊಂದು ಅಲ್ಲಿನ ಮುಖ್ಯ ವಿಜ್ಞಾನಿ ಸಾಹೇಬರ ಪಾಲು.

ಮರಕ್ಕೆ ಹಬ್ಬುವ ಒಂದು ಬಳ್ಳಿಯ ಕಾಂಡದಲ್ಲಿ, ಬೇಗ ಮಾಯದ ಹುಣ್ಣಿಗೆ ಮದ್ದಾಗಬಲ್ಲ ರಾಸಾಯನಿಕ ಇರಬಹುದೆಂದು ಸಾಹೇಬರಿಗೆ ಗುಮಾನಿ. ಮೂರು ವರ್ಷ ತಡಕಾಡಿದರೂ ಸಿಗಲಿಲ್ಲ. ಓವನ್ನಿನಲ್ಲಿ ಒಣಗಿದ ಕಾಂಡಕ್ಕೆ ಹಸಿಯ ಕಹಿ ವಾಸನೆ ಉಳಿಯುವುದಿಲ್ಲವೆಂದು ಸೋಸಕ್ಕನ ಮೂಗಿಗೆ ಗೊತ್ತಾಯಿತು. ಒಂದು ಕಂತೆಯನ್ನು ತಾನೇ ಮಹಡಿಯ ನೆರಳಲ್ಲಿ ಹನ್ನೆರಡು ದಿನ ಹರವಿದಳು. ಆ ಸಲ ಪರೀಕ್ಷೆಯ ಗಾಜಿನ ಪಟ್ಟಿಯ ಮೇಲೆ ಹುಡುಕುತ್ತಿದ್ದ ರಾಸಾಯನಿಕದ ಗುರುತಾಗಿ ಹೊಸ ಹಳದಿ ಚುಕ್ಕೆಯೊಂದು ಹೊಳೆಯಿತು.

"ಸರ್, ಈ ಸಲ ನಾನು..." ಎಂದಳು.

"ಆಮೇಲೆ ಹೇಳಮ್ಮ," ಎಂದರು ಸಾಹೇಬರು. ಆ ಆಮೇಲೆ ಬರಲೇ ಇಲ್ಲ.

ಲೇಖನ ಅಚ್ಚಾಯಿತು. ಮಗಳು ಅದನ್ನು ಓದಿ ಹೇಳಿದಳು. ಕೊನೆಯ ಕೃತಜ್ಞತೆಯಲ್ಲಿ ಗಾಜಿನ ಸಾಮಾನಿನ ಅಂಗಡಿಯವನಿದ್ದ, ಸಾಹೇಬರ ಭಾವಮೈದುನನಿದ್ದ.

"ನಿನ್ ಹೆಸ್ರೇ ಇಲ್ವಲ್ಲಮ್ಮ."

ಸೋಸಕ್ಕ ಮಗಳಿಂದ ಹಿಂದಿನ ಪುಟ ತಿರುವಿಸಿದಳು. "ಒಣಗ್ಸಿದ್ದು ಹೇಗೆ ಅಂತ ಬರ್ದಿದಾರೆ?"

"ಓವನ್ನಲ್ಲಿ, ಅರವತ್ತು ಡಿಗ್ರಿ."

ಕೇಳಿಯೂ ನೋಡದೆ ಬರೆದಿದ್ದರು ಮಹಾರಾಯರು. ಅಂದು ಅವಳು ಹೊಟ್ಟೆತುಂಬ ಉಂಡಳು. ಆಮೇಲೆ ಒಂದೂವರೆ ವರ್ಷ ತುಟಿ ಪಿಟಕ್ಕೆನ್ನದೆ ಕಾದಳು.

ಕಡೆಗೆ ಔಷಧ ಕಂಪನಿಯಿಂದ ಇಬ್ಬರು ಬಂದರು. ಪ್ರಯೋಗ ಕಣ್ಣೆದುರೇ ಆಗಬೇಕು, ಆಮೇಲೆ ಒಪ್ಪಂದ. ಸೋಸಕ್ಕ ಮಗಳಿಂದ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದ ಲೇಖನದ ಪ್ರತಿಯನ್ನು ಮುಂದಿಟ್ಟುಕೊಂಡು ಅಕ್ಷರ ತಪ್ಪದಂತೆ ಕೆಲಸ ಮಾಡಿದಳು. ಓವನ್ನಿನ ಅರವತ್ತು ಡಿಗ್ರಿಯನ್ನು ಬಂದವರಿಗೇ ತೋರಿಸಿದಳು. ಅಷ್ಟು ಖುಷಿಯಿಂದ ಅವಳು ಎಂದೂ ಸೋಸಿರಲಿಲ್ಲ. ಮೂರನೆಯ ದಿನ ಪಟ್ಟಿಯನ್ನು ದೀಪದಡಿ ಹಿಡಿದರು. ಚುಕ್ಕೆಯ ಸುಳಿವಿಲ್ಲ.

ಸಾಹೇಬರ ಮುಖ ಕಪ್ಪಿಟ್ಟಿತು. "ಇವಳೇ ಏನೋ ಎಡವಟ್ಟು ಮಾಡಿದಾಳೆ."

ಬಂದವರಲ್ಲಿ ಹಿರಿಯಾಕೆ ಲೇಖನದ ಮೇಲೆ ಬೆರಳಾಡಿಸಿದರು. "ಇಲ್ಲ, ಇದರಲ್ಲಿ ಇರೋ ಹಾಗೇ ಮಾಡಿದಾರೆ. ನಾನೇ ನೋಡಿದೀನಿ." ಸೋಸಕ್ಕನ ಕಡೆ ತಿರುಗಿದರು. "ಮೊದಲ್ನೇ ಸಲ ಬೇರೆ ಥರ ಏನಾದ್ರೂ ಮಾಡಿದ್ರಾಮ್ಮ?"

ಸೋಸಕ್ಕ ಕೈ ಒರೆಸಿಕೊಂಡಳು. ಸಾಹೇಬರನ್ನೇ ನೆಟ್ಟ ನೋಟದಿಂದ ನೋಡಿದಳು.

"ನನಗೇನು ಗೊತ್ತು ಮೇಡಂ? ಕೆಲಸ ಮಾಡಿದ್ದು ಸರ್ ಅಲ್ವಾ, ಅವರನ್ನೇ ಕೇಳಿ."

ಇಬ್ಬರೂ ಸಾಹೇಬರ ಕಡೆ ತಿರುಗಿ, ಪೆನ್ನು ತೆರೆದು ಕಾದರು.