ಅಪ್ಪ ಆರಿಸಿದ ಟ್ಯಾಬ್ಲೆಟ್

ಗೆಳೆಯರೇ, ಚಿತ್ರ ಬರೆಯುವ ಟ್ಯಾಬ್ಲೆಟ್ ಕೊಳ್ಳಲು ಇಂದು ಅಪ್ಪನ ಜೊತೆ ಗ್ರಾಂಟ್ ರೋಡಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮೊದಲು ಅಗ್ಗದ್ದೊಂದನ್ನು ತೋರಿಸಿದ. ಅದಕ್ಕೆ ಪರದೆ ಇಲ್ಲ. ಮೇಜಿನ ಮೇಲಿಟ್ಟು ಅದರ ಮೇಲೆ ಬರೆದದ್ದು ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ನನ್ನ ಬಜೆಟ್ಟಿಗೆ ಅದೇ ಸರಿ ಎಂದುಕೊಂಡೆ.

ಅಪ್ಪ ಒಪ್ಪಲಿಲ್ಲ. "ಕೈ ಇಲ್ಲಿ, ಕಣ್ಣು ಅಲ್ಲಿ. ಹಿಂಗ ಯಾರರೆ ಚಿತ್ರಾ ತೆಗಿತಾರೇನವಾ?"

ವಿಜಯಪುರದಿಂದ ಬಂದ ಅಪ್ಪ ಈ ಊರಿನಲ್ಲಿ ಮೂವತ್ತು ವರ್ಷ ಬೋರ್ಡ್ ಬರೆದವರು. ಭಾನುವಾರ ಬಣ್ಣದ ಡಬ್ಬಿ ಹಿಡಿದುಕೊಂಡು ಲೋಕಲ್ ರೈಲಿನಲ್ಲಿ ನಾನೂ ಮಾಟುಂಗಕ್ಕೆ ಹೋಗುತ್ತಿದ್ದೆ. ಅವರು ಹೋಟೆಲಿನ ಗೋಡೆಯ ಮೇಲೆ 'ಊಟ ತಯಾರಿದೆ' ಎಂದು ಬರೆಯುವಾಗ ಏಣಿಯ ಕೆಳಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಕೈ ನಡುಗತೊಡಗಿದ ಮೇಲೆ ಅವರು ಕುಂಚ ಮುಟ್ಟಿಲ್ಲ.

ಅಂಗಡಿಯವನು ಪರದೆಯಿರುವ ಟ್ಯಾಬ್ಲೆಟ್ ತಂದಿಟ್ಟು, "ಅಂಕಲ್, ಆಪ್ ಹೀ ಟ್ರೈ ಕರೋ" ಎಂದ. ಅಪ್ಪ ಪೆನ್ನು ಹಿಡಿದು ಅದೇ ಎರಡು ಪದ ಬರೆದರು. ಒಂದಿಷ್ಟೂ ನಡುಕವಿಲ್ಲ! ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಹುಬ್ಬು ಗಂಟಿಕ್ಕಿದರು.

ಗೆರೆಯನ್ನು ಯಂತ್ರವೇ ತಿದ್ದಿ ನೇರ ಮಾಡುತ್ತದೆ ಎಂದು ಅಂಗಡಿಯವನು ಹೆಮ್ಮೆಯಿಂದ ವಿವರಿಸಿದ.

"ಅದನ್ನ ಬಂದ್ ಮಾಡಂತ ಹೇಳವಗ," ಎಂದರು ಅಪ್ಪ.

ಮತ್ತೆ ಬರೆದರು. ಅಕ್ಷರಗಳು ಡೊಂಕುಡೊಂಕಾಗಿ ಮೂಡಿದವು. "ಹಾಂ, ಈಗ ನಂದು ಅನಸ್ತದ," ಎಂದು ನಕ್ಕರು.

ಬಜೆಟ್ ಬದಿಗಿಟ್ಟು ಅದನ್ನೇ ತಂದೆ. ಭಾಂಡುಪಿನ ಮನೆಗೆ ಬಂದಾಗಿನಿಂದ ಅದು ಅಪ್ಪನ ಕೈ ಬಿಟ್ಟಿಲ್ಲ. ನಾಳೆ ಪ್ರಕಾಶಕರಿಗೆ ಕೊಡಬೇಕಾದ ಚಿತ್ರವನ್ನು ನಾನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.