ಹಿಂದಿನ ಗಾಜು ಮತ್ತು ಭಾವನ ಕೈ

ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಮೆಲ್ಲಣ್ಣ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದನ್ನು ಬಳಸುವುದು ಕರೆಂಟ್ ಬಿಲ್ಲು ಮಾತ್ರ. ಕೆಲಸ, ಕಾರುಗಳಿಗೆ ಗಾಜು ಕೂರಿಸುವುದು. ಟಯರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡು ಅವನದು. ಅದರಲ್ಲಿ ಒಂದು ಕಾರು ನಿಲ್ಲಿಸಿದರೆ, ಸುತ್ತ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನಡೆಯುವಷ್ಟು ಜಾಗ ಉಳಿಯುತ್ತದೆ. ಹೊಟ್ಟೆ ಬಂದವರಿಗೆ ಅದೂ ಇಲ್ಲ.

ಈ ಕಸುಬಿಗೆ ಒಂದು ನಿಯಮವಿದೆ. ಕಾರಿನ ಹಿಂದಿನ ಗಾಜನ್ನು ಹಿಡಿದಿಟ್ಟಿರುವುದು ತಿರುಪೂ ಅಲ್ಲ, ಮೊಳೆಯೂ ಅಲ್ಲ. ಸುತ್ತಲೂ ಎಳೆದ ಒಂದು ಕಪ್ಪು ಅಂಟು. ಅದು ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಕಿಟಕಿಗಳನ್ನೆಲ್ಲ ಏರಿಸಿ ಬಾಗಿಲು ಬಡಿದರೆ, ಒಳಗಿನ ಗಾಳಿಗೆ ಹೋಗಲು ದಾರಿ ಸಿಗದೆ ಅದು ಹಸಿ ಗಾಜನ್ನೇ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಕಿಟಕಿ ಇಳಿದಿರಬೇಕು, ಬಾಗಿಲನ್ನು ಮಲಗಿದ ಕೂಸಿಗೆ ಹೊದಿಕೆ ಹೊದಿಸುವ ಹಾಗೆ ಹಾಕಬೇಕು.

ಈ ನಿಯಮ ಮೆಲ್ಲಣ್ಣನ ಮೈಗೇ ಹತ್ತಿಬಿಟ್ಟಿತ್ತು. ಬಚ್ಚಲಿನ ಬಾಗಿಲನ್ನೂ ಹಾಗೇ ಹಾಕುತ್ತಿದ್ದ, ಹಾಕುವ ಮುಂಚೆ ಬಚ್ಚಲಿನ ಕಿಟಕಿಯನ್ನು ಒಂದು ಬೆರಳು ತೆರೆಯುತ್ತಿದ್ದ. ಅವನು ಯಾವಾಗ ಮನೆಗೆ ಬಂದ, ಯಾವಾಗ ಹೋದ ಎಂದು ಹೆಂಡತಿಗೆ ಗೊತ್ತಾಗುತ್ತಿರಲಿಲ್ಲ. ಒಲೆಯ ಮುಂದೆ ನಿಂತವಳು ತಿರುಗಿದರೆ ಬೆನ್ನ ಹಿಂದೆ ಗಂಡ.

“ಅಯ್ಯೋ! ಜೀವ ಬಾಯಿಗೆ ಬಂತು. ಕೆಮ್ಮಾದ್ರೂ ಕೆಮ್ಮಬಾರದೇನ್ರೀ? ಕಳ್ಳರಾಗಿದ್ದಿದ್ರೆ ಇಷ್ಟು ಹೊತ್ತಿಗೆ ಮಹಡಿ ಮನೆ ಕಟ್ಟಿಸಿರ್ತಿದ್ರಿ.”

ಮೆಲ್ಲಣ್ಣ ನಗುತ್ತಿದ್ದ, ಅದೂ ಸದ್ದಿಲ್ಲದೆ. ಆ ಮನೆಯಲ್ಲಿ ಅಡುಗೆ ಕಪಾಟಿನ ತಿರುಪುಗಳು ಪದೇ ಪದೇ ಸಡಿಲವಾಗುತ್ತಿದ್ದವು. ಅವನು ಬಿಗಿ ಮಾಡುತ್ತಿದ್ದ, ಏನೂ ಹೇಳುತ್ತಿರಲಿಲ್ಲ.

ಅವನ ಹೆಂಡತಿಯ ಅಣ್ಣ, ಅಂದರೆ ಭಾವ, ಪಾತ್ರೆ ಅಂಗಡಿ ಇಟ್ಟವರು. ಇಡೀ ದಿನ ಹಂಡೆ, ತಪ್ಪಲೆ, ತಟ್ಟೆಗಳ ನಡುವೆ ಕೂತು ಗಂಟಲು ದೊಡ್ಡದಾಗಿತ್ತು. ಅವರು ಒಂದು ಕಾರು ಕೊಂಡಿದ್ದರು. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥ ಕಾರು, ಹೊಟ್ಟೆಯೊಳಗೆ ಮಾತ್ರ ರೇಸಿನ ಎಂಜಿನ್. ಕೀಲಿ ತಿರುಗಿಸಿದರೆ ಎದುರು ಮನೆಯ ಕಿಟಕಿ ನಡುಗುತ್ತಿತ್ತು. ಆದರೆ ತಳ ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ರಸ್ತೆಯ ಉಬ್ಬು ಕಂಡಲ್ಲೆಲ್ಲ ಭಾವ ಕಾರನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು, ಆಮೆಗೂ ದಾರಿ ಬಿಟ್ಟು ದಾಟಿಸುತ್ತಿದ್ದರು. ಮೂರನೇ ಗೇರಿನ ಆಚೆ ಏನಿದೆ ಎಂಬುದು ಅವರಿಗೆ ಕೇಳಿ ಗೊತ್ತು. ಆ ಕಾರಿನಲ್ಲಿ ಅವರು ವೇಗವಾಗಿ ಮಾಡುತ್ತಿದ್ದ ಕೆಲಸ ಒಂದೇ: ಬಾಗಿಲು ಹಾಕುವುದು.

ಗಾಜು ಒಡೆದದ್ದೂ ಹಾಗೆಯೇ. ಯಾವುದೋ ಹೋಟೆಲಿನವರು ಉದ್ದ ಹಿಡಿಯ ಮರದ ಸೌಟುಗಳನ್ನು ಬೇಕೆಂದಿದ್ದರು. ಭಾವ ಹಿಂದಿನ ಸೀಟು ಮಡಚಿ, ಸೌಟುಗಳನ್ನು ಡಿಕ್ಕಿಯಿಂದ ತೂರಿಸಿ, ಒಂದರ ತುದಿ ಹಿಂದಿನ ಗಾಜಿಗೆ ತಾಗಿದ್ದನ್ನು ನೋಡದೆ ಡಿಕ್ಕಿಯ ಮುಚ್ಚಳ ಬಡಿದರು. ಗಾಜು ಕಲ್ಲುಸಕ್ಕರೆಯಾಗಿ ಸೀಟಿನ ತುಂಬ ಸುರಿಯಿತು.

ಮೆಲ್ಲಣ್ಣ ಹೊಸ ಗಾಜು ತರಿಸಿ ಕೂರಿಸಿದ. “ನಾಳೆ ಬೆಳಿಗ್ಗೆ ತನಕ ಕಿಟಕಿ ಏರಿಸ್ಬೇಡಿ ಭಾವ. ಬಾಗಿಲು ಮೆಲ್ಲಗೆ.”

“ನಾನೇನು ಎಳೆ ಮಗುನಾ ಮೆಲ್ಲಣ್ಣೋರೆ?” ಎಂದು ಭಾವ ಕಾರು ಒಯ್ದರು. ಮೂರು ದಿನ ಬಿಟ್ಟು ಕಾರು ತೊಳೆಸಿದಾಗ ನೀರು ಒಳಗಿಳಿಯಿತು. ಬ್ರೇಕ್ ಹಾಕಿದಾಗಲೆಲ್ಲ ಡಿಕ್ಕಿಯಲ್ಲಿ ಕೆರೆಯ ಸದ್ದು. ತೆರೆದು ನೋಡಿದರೆ ಉಳಿದ ಸೌಟುಗಳು ದೋಣಿಗಳ ಹಾಗೆ ತೇಲುತ್ತಿದ್ದವು.

ಮೆಲ್ಲಣ್ಣ ಕೂರಿಸಿದ ಗಾಜು ವಾಪಸು ಬಂದದ್ದು ಅದೇ ಮೊದಲು. ಭಾವ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಕುಕ್ಕರ್ ಕೊಳ್ಳಲು ಬಂದವರಿಗೂ, ಚಮಚ ಕೊಳ್ಳಲು ಬಂದವರಿಗೂ ಹೇಳಿದರು: “ನಮ್ಮ ತಂಗಿ ಗಂಡನ ಗಮ್ಮು, ನೀರು ಮಜ್ಜಿಗೆ.” ಪಾತ್ರೆ ಬೇಡದ ಮನೆ ಯಾವುದಿದೆ? ಮಾತು ಊರೆಲ್ಲ ಸುತ್ತಿತು. ಶೆಡ್ಡಿಗೆ ಬಂದವರು ಗಾಜಿನ ಬದಲು ಮೆಲ್ಲಣ್ಣನ ಮುಖ ನೋಡಿ, “ಗಮ್ಮು ಗಟ್ಟಿ ಇದೆ ತಾನೇ?” ಎಂದು ಕೇಳತೊಡಗಿದರು. ಇನ್ನು ಕೆಲವರು ಬರಲೇ ಇಲ್ಲ.

“ನಿಜ ಹೇಳಿ, ತಪ್ಪು ಯಾರದು?” ಎಂದು ಹೆಂಡತಿ ಕೇಳಿದಳು.

“ಭಾವ ಕಿಟಕಿ ಏರಿಸಿ ಬಾಗಿಲು ಬಡಿದಿದ್ದಾರೆ.”

“ಮೆಲ್ಲಗೇ ಹಾಕ್ದೆ ಅಂತ ಅಣ್ಣ ಆಣೆ ಮಾಡ್ತಾನೆ. ಅವನು ಸುಳ್ಳು ಹೇಳೋನಲ್ಲ. ನೀವೂ ಹೇಳೋರಲ್ಲ. ಮತ್ತೆ ಬಾಗಿಲು ಹೇಳ್ತಿದ್ಯಾ ಸುಳ್ಳು?”

ಎರಡನೆಯ ಸಲ ಕೂರಿಸುವಾಗ ತಾನೇ ಬಂದು ನೋಡುತ್ತೇನೆ ಎಂದು ಅವಳು ಹಟ ಹಿಡಿದಳು. ಮಾರನೆಯ ದಿನ ಕೈಚೀಲ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಬಂದಳು.

ಈ ಸಲ ಕೆಲಸ ಹೆಚ್ಚು ನಾಜೂಕಿನದು. ಆ ಮಾದರಿಯ ಕಾರು ಬರುವುದು ನಿಂತಿತ್ತು. ಇನ್ನೊಂದು ಗಾಜು ಸಿಗುವುದಿಲ್ಲ ಎಂದು ತರಿಸಿಕೊಟ್ಟವನು ಕೈ ತೊಳೆದುಕೊಂಡಿದ್ದ. ಇದನ್ನೇ ಒಡೆಯದ ಹಾಗೆ ಬಿಡಿಸಿ ಮತ್ತೆ ಕೂರಿಸಬೇಕು. ಮೆಲ್ಲಣ್ಣ ಅಂಟಿನೊಳಗೆ ಸಣ್ಣ ತಂತಿ ತೂರಿಸಿ, ಒಳಗಿನ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟ, ಹೊರಗಿನದನ್ನು ತಾನು ಹಿಡಿದ. ಅವಳು ಹಿಂದಿನ ಸೀಟಿನಲ್ಲಿ ಕೂತು ಎಳೆಯುವುದು, ಅವನು ಹೊರಗೆ ನಿಂತು ಎಳೆಯುವುದು. ಗಾಜಿನ ಆಚೆ ಈಚೆ ಗಂಡ ಹೆಂಡತಿ ಮರ ಕೊಯ್ಯುವವರ ಹಾಗೆ ಕಂಡರು.

“ನಮ್ಮ ತವರುಮನೆ ಬಾಗಿಲು ಉಬ್ಬಿಕೊಂಡಿತ್ತು,” ಎಂದಳು ಅವಳು, ಎಳೆಯುತ್ತಲೇ. “ಬಡಿದ್ರೆ ಮಾತ್ರ ಕೂರೋದು. ಆ ಸದ್ದು ಕೇಳಿನೇ ಅಮ್ಮ ‘ಅಣ್ಣ ಬಂದ’, ‘ಅಪ್ಪ ಬಂದ್ರು’ ಅಂತ ಒಳಗಿಂದ್ಲೇ ತಟ್ಟೆ ಹಾಕ್ತಿದ್ಲು. ನಿಮಗೆ ಅವಳು ಒಂದು ದಿನಾನೂ ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿಲ್ಲ, ಗಮನಿಸಿದ್ದೀರಾ?”

ಗಮನಿಸಿದ್ದ. ಮೆಲ್ಲಣ್ಣ ಹಳೆಯ ಅಂಟನ್ನು ತೆಳ್ಳಗೆ ಹೆರೆದು, ಅಂಟು ಹಿಡಿಯಲೆಂದು ಪ್ರೈಮರ್ ಬಳಿದು, ಹೊಸ ಅಂಟನ್ನು ಎಲ್ಲೂ ತುಂಡಾಗದ ಹಾಗೆ ಸುತ್ತ ಎಳೆದ. ಇಬ್ಬರೂ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಗಳಿಂದ ಗಾಜನ್ನೆತ್ತಿ ಕೂರಿಸಿದರು. ಗಾಜಿನ ಮೇಲೆ ಕೂರುವ ಮಂಜು ಆರಿಸುವ ಸಣ್ಣ ತಂತಿಗಳ ಕೊಂಡಿಯನ್ನು ಅವನು ಎರಡೂ ಬದಿ ಸೇರಿಸಿದ. ಕೊನೆಗೆ ನಾಲ್ಕೂ ಕಿಟಕಿಗಳನ್ನು ಗೇಣುದ್ದ ಇಳಿಸಿ, ಅವುಗಳ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಈಗ ಅವನ್ನು ಏರಿಸಲು ಯಾರಿಂದಲೂ ಆಗುವುದಿಲ್ಲ.

ಮಧ್ಯಾಹ್ನ ಭಾವ ಓಡೋಡಿ ಬಂದರು. ಅತ್ತೆಗೆ, ಅಂದರೆ ಭಾವನ ಅಮ್ಮನಿಗೆ, ಕಣ್ಣಿನ ಆಪರೇಷನ್ ಆಗಿತ್ತು. ಆಸ್ಪತ್ರೆಯವರು ಈಗಲೇ ಕರೆದುಕೊಂಡು ಹೋಗಿ ಎಂದಿದ್ದಾರೆ. ಅತ್ತೆಯಾದರೋ ಮಗನ ಕಾರು ಬಿಟ್ಟು ಬೇರೆ ಯಾವ ಗಾಡಿಯನ್ನೂ ಹತ್ತುವವರಲ್ಲ.

“ಓಡಿಸಬಹುದು ಭಾವ. ಬಾಗಿಲು ಮಾತ್ರ...”

“ಗೊತ್ತು ಮಾರಾಯ್ರೆ, ಮೆಲ್ಲಗೆ! ಅವತ್ತೂ ಮೆಲ್ಲಗೇ ಹಾಕಿದ್ದು.”

ಮೆಲ್ಲಣ್ಣ ಅವರನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗುಜರಿಯಿಂದ ತಂದ ಒಂದು ಕಾರಿನ ಬಾಗಿಲು, ಅದರ ಚೌಕಟ್ಟಿನ ಸಮೇತ, ಗೋಡೆಗೆ ಒರಗಿಸಿ ನಿಲ್ಲಿಸಿತ್ತು. “ಇದನ್ನ ಒಂದ್ಸಲ ಹಾಕಿ ತೋರಿಸಿ.”

ಭಾವ ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಜಾಗರೂಕತೆಯಿಂದ ಹಾಕಿದರು. ಧಡಾರ್! ಶೆಡ್ಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ಟಯರ್ ಅಂಗಡಿಯವನು ಪಾನಾ ಹಿಡಿದುಕೊಂಡೇ ಓಡಿಬಂದ. “ಏನ್ ಸಿಡೀತು?”

“ಬಾಗಿಲು ಹಾಕಿದ್ರು,” ಎಂದ ಮೆಲ್ಲಣ್ಣ.

“ಇನ್ನೊಂದ್ಸಲ ಹಾಕಿ ಯಜಮಾನ್ರೆ. ಮನೇಲಿ ಹೆಂಡ್ತಿ ಮಲಗಿದ್ದಾಳೆ, ನೀವು ತಡವಾಗಿ ಬಂದಿದ್ದೀರಿ ಅಂದ್ಕೊಳ್ಳಿ,” ಎಂದ ಟಯರ್ ಅಂಗಡಿಯವನು.

“ತಡವಾಗಿ ಬಂದ್ರೆ ನಾನು ಇನ್ನೂ ಜೋರಾಗೇ ಹಾಕ್ತೀನಯ್ಯ, ಧೈರ್ಯಕ್ಕೆ.”

ಧಡಾರ್. ಮತ್ತೆ ಧಡಾರ್. ಬೆವರಿಳಿಯಿತು. ಟಯರ್ ಅಂಗಡಿಯವನು ಬಾಗಿಲಿನ ಸಂದಿಯಲ್ಲಿ ಬಾಳೆಹಣ್ಣು ಇಟ್ಟು, ಅದು ಜಜ್ಜದ ಹಾಗೆ ಹಾಕಿ ಎಂದ. ಬಾಳೆಹಣ್ಣು ಮೂವರ ಅಂಗಿಗೂ ಸಮನಾಗಿ ಹಂಚಿಹೋಯಿತು. ಕೊನೆಗೊಮ್ಮೆ ಭಾವ ಎಷ್ಟು ಮೆಲ್ಲಗೆ ಹಾಕಿದರೆಂದರೆ ಬಾಗಿಲು ಕಚ್ಚಿಕೊಳ್ಳದೆ ನಿಧಾನವಾಗಿ ತಾನೇ ತೆರೆದುಕೊಂಡಿತು. “ನೋಡಿದ್ರಾ!” ಎಂದು ಭಾವ ಗೆದ್ದವರ ಹಾಗೆ ಸುತ್ತ ನೋಡಿದರು.

ಅದನ್ನು ನಂಬಿ ಕಾರು ಬಿಡುವಂತಿರಲಿಲ್ಲ. ಮೆಲ್ಲಣ್ಣ ತಾನೂ ಹೊರಟ. ತೀರ್ಪು ಹೇಳಬೇಕಾದವಳು ತಾನೆಂದು ಹೆಂಡತಿಯೂ ಹತ್ತಿದಳು. ಬಾಗಿಲುಗಳನ್ನೆಲ್ಲ ಮೆಲ್ಲಣ್ಣನೇ ಸುತ್ತಿಬಂದು ಹಾಕಿದ. ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. “ರೇಸು ಕಾರು ಇಟ್ಕೊಂಡು ಎತ್ತಿನ ಗಾಡಿ ಸುಖ,” ಎಂದು ಭಾವ ಗೊಣಗಿದರು. ಒಂದೊಂದು ಉಬ್ಬಿಗೂ ಮೆಲ್ಲಣ್ಣ ಹಿಂದಕ್ಕೆ ತಿರುಗಿ ಗಾಜಿನ ಅಂಚನ್ನು ಮುಟ್ಟಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಆಸ್ಪತ್ರೆಯ ಮುಂದಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಮೊದಲೇ ಮಂಜು. ಕಿವಿಗೆ ಮಾತು ತಲುಪುವುದು ನಿಂತು ವರ್ಷಗಳಾಗಿದ್ದವು. ಧಡಾರನೆ ಬಡಿದ ಸದ್ದು ಮಾತ್ರ ಒಳಗೆ ಹೋಗುತ್ತಿತ್ತು, ಕೂಗೂ ಇಲ್ಲ, ಎಂಜಿನ್ನೂ ಇಲ್ಲ. ಮೆಲ್ಲಣ್ಣ ಮೊದಲು ಇಳಿದು, ಉಳಿದಿಬ್ಬರ ಬಾಗಿಲುಗಳನ್ನೂ ತಾನೇ ತೆರೆದು ತಾನೇ ಹಾಕಿದ. ಒಂದು ಕಡ್ಡಿ ಮುರಿದ ಸದ್ದೂ ಆಗಲಿಲ್ಲ. ಭಾವ ಹೋಗಿ ಅಮ್ಮನ ಕೈ ಹಿಡಿದರು.

“ಬಾಮ್ಮಾ, ಹೋಗೋಣ.”

ಅತ್ತೆ ಕೈ ಕೊಸರಿಕೊಂಡರು. “ಯಾರಪ್ಪ ನೀನು? ಬಿಡು ಕೈ.”

“ನಾನಮ್ಮಾ, ನಿನ್ನ ಮಗ!”

“ನನ್ನ ಮಗ ಕಾರಲ್ಲಿ ಬರ್ತಾನೆ. ಅವನು ಬಂದ್ರೆ ಬೀದಿಗೆಲ್ಲ ತಿಳಿಯುತ್ತೆ. ಎಲ್ಲಿ, ಬಾಗಿಲೇ ಹಾಕ್ಲಿಲ್ವಲ್ಲ? ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ ಅಂತ ಮೋಸ ಮಾಡ್ತೀರಾ?”

ಭಾವ ಕಿವಿಯ ಹತ್ತಿರ ಕೂಗಿದರು. ಪಾತ್ರೆ ಅಂಗಡಿಯ ಗಂಟಲಿಗೆ ಇಡೀ ಆಸ್ಪತ್ರೆ ತಿರುಗಿ ನೋಡಿತು, ಅತ್ತೆಯೊಬ್ಬರನ್ನು ಬಿಟ್ಟು. ಕಾವಲುಗಾರ ಬಂದ. ಇಬ್ಬರು ಗಂಡಸರು, ಒಬ್ಬ ಹೆಂಗಸು. ಒಬ್ಬ ಮುದುಕಿಯನ್ನು ಎಳೆಯುತ್ತಿದ್ದಾರೆ. ಪಕ್ಕದಲ್ಲಿ ರೇಸಿನ ಸದ್ದು ಮಾಡುವ ಕಾರು. ಗಂಡಸರ ಅಂಗಿಗಳ ಮೇಲೆಲ್ಲ ಬಾಳೆಹಣ್ಣು. ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಅಜ್ಜಿ ನಿಮ್ಮನ್ನ ಗುರುತು ಹಿಡೀತಿಲ್ವಲ್ಲ ಸಾರ್?”

“ಬಾಗಿಲು ಬಡಿದ್ರೆ ಹಿಡೀತಾರೆ,” ಎಂದರು ಭಾವ.

“ಬಡೀರಿ ಮತ್ತೆ.”

“ಬಡಿಯೋ ಹಾಗಿಲ್ಲ. ಗಮ್ಮು ಹಸಿ ಇದೆ.”

ಕಾವಲುಗಾರ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. “ಆಸ್ಪತ್ರೆ ಒಳಗಡೆ ತಲೆ ಡಾಕ್ಟ್ರೂ ಇದ್ದಾರೆ ಸಾರ್,” ಎಂದ ಮರ್ಯಾದೆಯಿಂದ.

“ತಾಳಿ, ಅಮ್ಮನ್ನ ಸೇರಿಸಿದಾಗ ಕೊಟ್ಟ ಆಸ್ಪತ್ರೆ ಚೀಟಿ ನನ್ನ ಚೀಲದಲ್ಲಿದೆ, ನೋಡಿ ಬೇಕಾದ್ರೆ,” ಎಂದು ಮೆಲ್ಲಣ್ಣನ ಹೆಂಡತಿ ಕಾರಿನತ್ತ ಹೋದಳು. ಹಿಂದಿನ ಬಾಗಿಲು ತೆರೆದಳು, ಸೀಟಿನ ಮೇಲಿದ್ದ ಕೈಚೀಲ ತೆಗೆದುಕೊಂಡಳು. ಹಸಿ ಗಾಜು ನೆನಪಾಗಿ, ಬಾಗಿಲನ್ನು ಎರಡು ಬೆರಳಲ್ಲಿ ಹಿಡಿದು ಹಾಕಿದಳು.

ಧಡಾರ್!

ಹಿಂದಿನ ಗಾಜು ಒಮ್ಮೆ ಗುಂಯ್ ಎಂದಿತು. ಭಾವ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

“ಹಾಂ!” ಎಂದರು ಅತ್ತೆ, ಮುಖ ಅರಳಿಸಿ. “ಈಗ ಬಂದ ನನ್ನ ಮಗ. ಎಷ್ಟು ಹೊತ್ತೋ ನಿಂಗೆ?” ತಾವೇ ಎದ್ದು ಕೈ ಚಾಚಿದರು.

ಮೆಲ್ಲಣ್ಣ ಕಾರಿನ ಹಿಂದಕ್ಕೆ ಓಡಿ ಗಾಜಿನ ಸುತ್ತ ಅಂಗೈ ಆಡಿಸಿದ. ಮೇಲಿನ ಅಂಚು, ಕೆಳಗಿನ ಮೂಲೆ, ಕಳೆದ ಸಲ ಬಿಟ್ಟುಕೊಂಡಿದ್ದ ಜಾಗ. ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಗೇಣುದ್ದ ಇಳಿದಿದ್ದ ಕಿಟಕಿಗಳಿಂದ ಗಾಳಿ ತನ್ನ ದಾರಿ ಹಿಡಿದು ಹೋಗಿತ್ತು. ಅವನು ಜೇಬಿನಲ್ಲಿದ್ದ ಫ್ಯೂಸನ್ನು ಮುಟ್ಟಿ ನೋಡಿಕೊಂಡ.

“ಏ ಪುಟ್ಟಿ, ನಿನಗೇನು ತಲೆ ಕೆಟ್ಟಿದ್ಯಾ?” ಎಂದು ಭಾವ ತಂಗಿಯ ಮೇಲೆ ಹಾರಿಬಿದ್ದರು. “ಯಾಕೆ ಹಾಗೆ ಬಡಿದೆ?”

“ನಾನೆಲ್ಲಿ ಬಡಿದೆ? ಮೆಲ್ಲಗೇ ಹಾಕಿದ್ನಲ್ಲ!”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳು ಅಣ್ಣನನ್ನು ನೋಡಿದಳು, ಕಾವಲುಗಾರನನ್ನು ನೋಡಿದಳು, ಆಮೇಲೆ ತನ್ನ ಎರಡು ಬೆರಳುಗಳನ್ನು ಬೇರೆ ಯಾರದೋ ವಸ್ತುವಿನ ಹಾಗೆ ಎತ್ತಿ ನೋಡಿಕೊಂಡಳು.

“ರೀ,” ಎಂದಳು ಗಂಡನಿಗೆ, “ನಮ್ಮನೆ ಕಪಾಟು...?”

“ತಿರುಪು ಬಿಗಿ ಮಾಡ್ತಿರ್ತೀನಿ,” ಎಂದ ಮೆಲ್ಲಣ್ಣ.

ಭಾವ ಬಾಗಿಲನ್ನೇ ನೋಡಿದರು. ಅವರ ಮುಖದಲ್ಲಿ ಒಂದೊಂದೇ ಪಾತ್ರೆ ಕಪಾಟಿನಿಂದ ಜಾರಿ ಬೀಳುತ್ತಿರುವ ಹಾಗಿತ್ತು. “ಅಂದ್ರೆ ಅವತ್ತು ನಾನು ಮೆಲ್ಲಗೆ ಹಾಕಿದ್ದೂ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಎಲ್ಲರೂ ಕಾರು ಹತ್ತಿದ ಮೇಲೆ ಸ್ಟೇರಿಂಗ್ ಹಿಡಿದು, ಮುಂದಿನ ಗಾಜಿಗೆ ಹೇಳುವವರ ಹಾಗೆ ಹೇಳಿದರು: “ನಾಳೆಯಿಂದ ಅಂಗಡೀಲಿ ಹೇಳ್ತೀನಿ ಮೆಲ್ಲಣ್ಣೋರೆ. ನಮ್ಮ ಪುಟ್ಟಿ ಕೈಗೇ ಜಗ್ಗದ ಗಮ್ಮು ಅಂತ.”

“ಅದಕ್ಕೆ ನನ್ನ ಹೆಸರೇ ಬೇಕಿತ್ತಾ?” ಎಂದಳು ಪುಟ್ಟಿ. ಆದರೆ ಜಗಳಕ್ಕೆ ಇಳಿಯಲಿಲ್ಲ.

ಮನೆ ತಲುಪುವ ತನಕ ಅತ್ತೆ ಹಿಂದಿನ ಸೀಟಿನಲ್ಲಿ ಮಗಳು ಅಳಿಯನ ನಡುವೆ, ಅಳಿಯ ಇದ್ದಾನೆಂದೇ ಅರಿಯದೆ ಕೂತು, ಆಪರೇಷನ್ನಿನ ಕತೆ ಹೇಳುತ್ತ ಬಂದರು. ಗೇಟಿನ ಮುಂದೆ ಕಾರು ನಿಂತಿತು. ಭಾವ ಹಿಡಿಕೆಗೆ ಕೈ ಹಾಕಲು ಹೋಗಿ, ಕೆಂಡ ಮುಟ್ಟಿದ ಹಾಗೆ ಹಿಂದೆಗೆದರು. ಪುಟ್ಟಿ ಕೈಚೀಲ ಮಡಿಲಲ್ಲಿಟ್ಟುಕೊಂಡು, ಕೈಗಳನ್ನು ಅದರ ಕೆಳಗೆ ಸೇರಿಸಿ ಸುಮ್ಮನೆ ಕೂತಳು. ಮೆಲ್ಲಣ್ಣ ಇಳಿದು, ಸುತ್ತಿಬಂದು, ಒಬ್ಬೊಬ್ಬರನ್ನೇ ಇಳಿಸಿಕೊಂಡ. ಕೊನೆಯ ಬಾಗಿಲು ಅವನ ಕೈಯಲ್ಲಿ ತೆರೆದೇ ಇತ್ತು. ಅತ್ತೆ ಮೆಟ್ಟಿಲ ಹತ್ತಿರ ನಿಂತು ಕಿವಿ ಕೊಟ್ಟಿದ್ದರು. ಒಂದೇ ಒಂದು ಸಲ ತಾನೂ ಬಡಿಯಲೇ, ಅಂದುಕೊಂಡ ಮೆಲ್ಲಣ್ಣ. ಬಾಗಿಲನ್ನು ಎಂದಿಗಿಂತ ತುಸು ಹಿಂದಕ್ಕೆ ಎಳೆದ. ಅಂಟು ಇನ್ನೂ ಹಸಿ. ಕೂಸಿಗೆ ಹೊದಿಕೆ ಹೊದಿಸಿದ ಹಾಗೆ ಹಾಕಿದ.

“ಅಳಿಯಂದಿರು ಬರಲಿಲ್ವೇನೇ?” ಎಂದು ಅತ್ತೆ ಕೇಳಿದರು.

ಪುಟ್ಟಿ ಅಮ್ಮನ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಬಂದಿದ್ದಾರಮ್ಮಾ! ಬಾಗಿಲು ಹಾಕಿದ್ದು ಅವರೇ!”